ರಸೀದಿ ಇಲ್ಲದ ಬಾಡಿಗೆ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾದಾಗ ಹೆಂಡತಿ, ಮಗಳು ಅಲ್ಲೇ ಉಳಿದರು. ಮಗಳ ಹತ್ತನೇ ತರಗತಿ ಅಡ್ಡ ಬಂತು. ನಾನು ಪಟಮಟದಲ್ಲಿ ಒಂದು ಕೋಣೆ ಹಿಡಿದೆ. ಬ್ಯಾಂಕಿನಲ್ಲಿ ನನ್ನ ಕೆಲಸ, ಸಾಲ ಕಟ್ಟದವರ ಕಟ್ಟಡಗಳನ್ನು ವಶಕ್ಕೆ ತೆಗೆದುಕೊಳ್ಳುವುದು. ಅಂಥವನನ್ನು ಮನೆಗೆ ಕರೆಯುವವರು ಯಾರು? ಭಾನುವಾರ ಮಾತಾಡಬೇಕೆಂದರೆ ಹಾಲಿನವನೊಬ್ಬನೇ ಗತಿ.

ಆಟೋನಗರದ ಲಾರಿ ರಿಪೇರಿ ಶೆಡ್ಡುಗಳ ನಡುವೆ ಒಂದು ಮೆಸ್ ಸಿಕ್ಕಿತು. ನಡೆಸುತ್ತಿದ್ದಾಕೆ ಬಳ್ಳಾರಿಯವಳು, ಇಲ್ಲಿಯ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ ಬಂದವಳು. ಗಂಡ ತೀರಿಹೋಗಿದ್ದ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ನಮ್ಮ ಕಡೇರೇನ್ರಿ ಅಣ್ಣಾ?" ಎಂದು ಇನ್ನಷ್ಟು ಅನ್ನ ಬಡಿಸಿದಳು. ಅಂದಿನಿಂದ ಮಧ್ಯಾಹ್ನದ ಊಟ ಅಲ್ಲೇ. ಊಟ ಬರೀ ನೆಪ. ನಾನು ಹೋಗುತ್ತಿದ್ದುದು ಅಣ್ಣಾ ಅನ್ನಿಸಿಕೊಳ್ಳಲು. ಕೆಲಸ ಯಾವುದೋ ಆಫೀಸಿನಲ್ಲಿ ಎಂದಷ್ಟೇ ಹೇಳಿದ್ದೆ.

ಆ ಮೆಸ್ ಇದ್ದ ಕಟ್ಟಡದ ಫೈಲು ಒಂದು ದಿನ ನನ್ನ ಮೇಜಿಗೇ ಬಂತು. ಮಾಲೀಕ ಸಾಲ ಮುಳುಗಿಸಿದ್ದ. ನೋಟಿಸು ಅಂಟಿಸಲು ಕೆಳಗಿನವರನ್ನು ಕಳಿಸಿ, ಹೇಡಿಯ ಹಾಗೆ ನಾನು ತಡವಾಗಿ ಊಟಕ್ಕೆ ಹೋದೆ. ಇನ್ನು ಬಾಡಿಗೆಯನ್ನು ಬ್ಯಾಂಕಿಗೇ ಕಟ್ಟಬೇಕು ಎಂದು ನೋಟಿಸಿನಲ್ಲಿತ್ತು. ನನಗೇ ಕೊಡು, ಇಲ್ಲದಿದ್ದರೆ ಬೀಗ ಜಡಿಯುತ್ತೇನೆ ಎಂದು ಮಾಲೀಕ ಆಕೆಯನ್ನು ಹೆದರಿಸಿದ್ದ.

"ಯಾರಿಗೆ ಕೊಡ್ಲಿ ಅಣ್ಣಾ?"

"ಬ್ಯಾಂಕಿಗೆ ಕೊಡಿ. ಇಷ್ಟು ವರ್ಷ ಕೊಟ್ಟಿದ್ದಕ್ಕೆ ರಸೀದಿ ಇದೆಯಾ? ಕರಾರು ಪತ್ರ?"

ಆಕೆ ನಕ್ಕಳು. ತಿಂಗಳ ಮೊದಲ ದಿನ ಮಾಲೀಕ ಬಂದು ಎಲೆ ತುಂಬ ಉಂಡು, ವೀಳ್ಯದ ಜೊತೆ ಬಾಡಿಗೆ ತೆಗೆದುಕೊಂಡು ಹೋಗುವುದು ಗಂಡ ಇದ್ದಾಗಿನ ವಾಡಿಕೆ. "ಉಣ್ಣಾಕ ನೀಡಿದ ಕೈಯಾಗ ರಸೀದಿ ಕೇಳೋದು ಹೆಂಗ್ರಿ?"

ನನಗೆ ನಗು ಬರಲಿಲ್ಲ. ಕಾಗದವಿಲ್ಲದ ಬಾಡಿಗೆದಾರರು ನನ್ನ ಫೈಲುಗಳ ಲೆಕ್ಕದಲ್ಲೇ ಇಲ್ಲದವರು. ಇವತ್ತೇ ವಕೀಲರನ್ನು ಕಾಣಿ, ಕೋರ್ಟಿಗೆ ಅರ್ಜಿ ಹಾಕಿ, ಕರೆಂಟು ಬಿಲ್ಲು, ಲೈಸೆನ್ಸು ಏನಿದ್ದರೂ ಹುಡುಕಿ ಎಂದಿದ್ದರೆ ಮೆಸ್ ಉಳಿಯುತ್ತಿತ್ತೇನೋ. ಆದರೆ ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಆಮೇಲೆ ನಾನು ಯಾರ ಅಣ್ಣನೂ ಅಲ್ಲ.

"ಬ್ಯಾಂಕಿನವರು ಅಷ್ಟು ಬೇಗ ಬರುವುದಿಲ್ಲ ಬಿಡಿ ಅಮ್ಮಾ, ಅವಸರವೇನಿಲ್ಲ," ಎಂದು ಸಾರು ಕಲಸಿಕೊಂಡೆ. ನಾಚಿಕೆಗೇಡು. ಆದರೆ ಆ ಒಂಟಿತನದಲ್ಲಿ ಅದು ಸುಳ್ಳು ಅಂತಲೂ ಅನ್ನಿಸಲಿಲ್ಲ.

ಆಕೆ ನಂಬಿದಳು. ಮುಂದಿನ ಮೂರು ತಿಂಗಳೂ ಮಾಲೀಕ ಉಂಡು ಬಾಡಿಗೆ ಒಯ್ದ.

ಕೋರ್ಟಿನ ಆದೇಶ ಬಂದ ಮೇಲೆ ಪೊಲೀಸರ ಜೊತೆ ನಾನೇ ಹೋಗಬೇಕಾಯಿತು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ನನ್ನನ್ನು ಕಂಡ ಆಕೆ, ಸಹಾಯಕ್ಕೆ ಬಂದೆ ಎಂದುಕೊಂಡು, "ನೋಡ್ರಿ ಅಣ್ಣಾ, ಇವರಿಗೆ ನೀವಾದ್ರೂ ಹೇಳ್ರಿ," ಎಂದು ನನ್ನ ಪಕ್ಕ ಬಂದು ನಿಂತಳು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ನನ್ನ ಕೈಗೆ ಫೈಲು ಕೊಟ್ಟು, ಬ್ಯಾಂಕಿನ ಕಡೆಯಿಂದ ಶುರು ಮಾಡಿ ಸಾರ್ ಎಂದರು.

ಆಕೆ ಹೋಗಿ ಒಲೆ ಆರಿಸಿದಳು. ಪಾತ್ರೆ, ಬೆಂಚು, ಗ್ರೈಂಡರ್ ಎಲ್ಲದರ ಪಟ್ಟಿ ಬರೆದು ಮುಗಿಯುವವರೆಗೆ ಗೋಡೆಗೊರಗಿ ನಿಂತಿದ್ದಳು. ಆಮೇಲೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು.

"ಸಂತಕಂ ಎಕ್ಕಡ ಪೆಟ್ಟಾಲಿ ಸಾರ್?"

ಸಹಿ ಎಲ್ಲಿ ಹಾಕಬೇಕೆಂದು ತೆಲುಗಿನಲ್ಲಿ ಕೇಳಿದಳು, ಯಾವುದೋ ಆಫೀಸರನ್ನು ಕೇಳುವ ಹಾಗೆ. ನಾನು ಬೆರಳಿಟ್ಟು ತೋರಿಸಿದೆ.