ಮೈಕಿನ ಸ್ವಿಚ್ಚು ನೀನು ಹಾಕಿದ್ದೆ

—ಅಥವಾ ಅದು ಗುರುವಾರವೇ ಇರಬೇಕು, ಬುಧವಾರ ಅಲ್ಲ. ವಾರದ ವಿಷಯದಲ್ಲಿ ನನ್ನನ್ನು ನಂಬಬೇಡ. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಮೇಲೆ ಬಿದ್ದಿತ್ತು ಎಂದು ಬರೆಯಲು ಹೊರಟಿದ್ದೆ. ಆದರೆ ನಾವು ದನಿ ಮುದ್ರಿಸುತ್ತಿದ್ದ ಆ ಕೋಣೆಯ ಕಿಟಕಿಗೆ ಹೊರಗಿನ ಸದ್ದು ಬಾರದಿರಲೆಂದು ನಾವೇ ಗೋಣಿತಟ್ಟು ಬಡಿದಿದ್ದೆವಲ್ಲ, ಬಿಸಿಲು ಎಲ್ಲಿಂದ ಬರಬೇಕು? ನೆನಪು ತನಗೆ ಬೇಕಾದ ಬೆಳಕನ್ನು ತಾನೇ ತಂದುಕೊಳ್ಳುತ್ತದೆ. ಆದ್ದರಿಂದ ಖಚಿತವಾಗಿ ಗೊತ್ತಿರುವ ಒಂದನ್ನು ಮೊದಲು ಹೇಳಿಬಿಡುತ್ತೇನೆ. ಶಂಕರಿ, ನಿಮ್ಮಪ್ಪನ ದನಿಯಿದ್ದ ಕ್ಯಾಸೆಟ್ಟನ್ನು ಅಳಿಸಿದವನು ನಾನು. ನೀನು ಮೈಕಿನ ಸ್ವಿಚ್ಚು ಹಾಕಿದ್ದೆ.

ಇದನ್ನು ನಿನಗೊಬ್ಬಳಿಗೇ ಕಾಗದ ಬರೆದು ಮುಗಿಸಬಹುದಿತ್ತು. ಆದರೆ ತಪ್ಪನ್ನು ನಿನ್ನ ಮೇಲೆ ಹೊರಿಸಿದ್ದು ಇಡೀ ತರಗತಿಯ ಎದುರು. ಹಾಗಾಗಿ ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿನ್ನ ನೆನಪು ಬೇರೆ ಹೇಳಿದರೆ ಅದನ್ನೇ ನಂಬು.

ಆಗ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದೆ. ತರಗತಿಯಲ್ಲಿ ಹನ್ನೆರಡು ಜನ. ಎರಡು ಕಂಪ್ಯೂಟರು, ಒಂದು ಟೇಪ್ ರೆಕಾರ್ಡರು, ಅದಕ್ಕೊಂದು ಮೈಕು, ಆರು ಕ್ಯಾಸೆಟ್ಟು. ವಿಡಿಯೋ ಕ್ಯಾಮೆರಾ ಪೇಟೆಯ ಸ್ಟುಡಿಯೋದವರದು. ಮದುವೆ ಇಲ್ಲದ ದಿನ ಮಾತ್ರ ನಮ್ಮದು. ಇಷ್ಟು ಇಟ್ಟುಕೊಂಡು ನಾನು ದೊಡ್ಡ ಮಾತು ಆಡುತ್ತಿದ್ದೆ. ಇನ್ನು ಮುಂದೆ ಬರೀ ಬರೆಯುವವನು ವರದಿಗಾರ ಅಲ್ಲ ಎನ್ನುತ್ತಿದ್ದೆ. ಒಮ್ಮೆ ಹೋಗಿ ತಂದ ಒಂದೇ ಸುದ್ದಿಯನ್ನು ನೀವು ಪತ್ರಿಕೆಗೆ, ರೇಡಿಯೋಗೆ, ಟಿವಿಗೆ, ಅಂತರಜಾಲಕ್ಕೆ — ನಾಲ್ಕು ರೂಪದಲ್ಲಿ ಮಾಡಿ ತರಬೇಕು. ನಮ್ಮ ಅಂತರಜಾಲದ ಪುಟ ಒಂದು ಫ್ಲಾಪಿಯಲ್ಲಿ ಇರುತ್ತಿತ್ತು, ಆ ಎರಡು ಕಂಪ್ಯೂಟರಿನ ಆಚೆ ಅದನ್ನು ಯಾರೂ ನೋಡಲಿಲ್ಲ. ಹುನಗುಂದದ ಮೆಹಬೂಬ ಮೊದಲ ದಿನವೇ ಎದ್ದು ನಿಂತು ಕೇಳಿದ್ದು ನಿನಗೂ ನೆನಪಿರಬೇಕು.

"ಸರ್, ಒಂದ ಸುದ್ದಿಗೆ ನಾಕ ಹೆಗಲು ಅಂದ್ರ ಹೆಣಾ ಹೊತ್ತಂಗ ಆತಲ್ರೀ?"

"ನೀ ಹೊತ್ತರ ಹಂಗ ಆಗತೈತಿ, ಕುಂಡ್ರಲೇ," ಎಂದಿದ್ದೆ. ಎಲ್ಲರೂ ನಕ್ಕಿದ್ದರು. ನೀನು ನಗದೆ ಬರೆದುಕೊಳ್ಳುತ್ತಿದ್ದೆ — ಅಥವಾ ಮೆಚ್ಚಿನ ವಿದ್ಯಾರ್ಥಿನಿ ಹಾಗಿದ್ದಳು ಎಂದು ನಾನೇ ಆಮೇಲೆ ಸೇರಿಸಿಕೊಂಡೆನೋ.

ನೀನು ಆರಿಸಿಕೊಂಡ ಸುದ್ದಿ ನಿಮ್ಮ ಮನೆಯದೇ. ಇಳಕಲ್ಲಿನಲ್ಲಿ ನಿಮ್ಮಪ್ಪ ಕೈಮಗ್ಗದ ನೇಕಾರರು. ಸೀರೆಯ ಮೈಯ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವ ಕೊಂಡಿಯ ಕೆಲಸ ಅವರ ಕೈಯಲ್ಲಿ ಎಷ್ಟು ಸಲೀಸು ಎಂದು ಓಣಿಯವರೆಲ್ಲ ಹೇಳುತ್ತಿದ್ದರಂತೆ. ಮಾತು ಕಡಿಮೆಯ ಮನುಷ್ಯ. ಮಗಳು ಮೈಕು ಹಿಡಿದು ಕೂತಾಗ ಮಾತ್ರ ಅರ್ಧ ತಾಸು ನಿಲ್ಲಿಸದೆ ಹೇಳಿದರು ಎಂದು ನೀನು ಮರುದಿನ ಓಡಿ ಬಂದು ಹೇಳಿದೆ. "ಸರ್, ನಮ್ಮಪ್ಪಾ ಇಷ್ಟು ಮಾತಾಡಿದ್ದು ನಾ ಹುಟ್ಟಿದಾಗಿಂದ ಕೇಳಿದ್ದಿಲ್ರಿ. ನಡುನಡುವ ನಕ್ಕಾರ್ರೀ!" ಆ ದಿನ ಕ್ಯಾಮೆರಾ ಯಾವುದೋ ಮದುವೆಗೆ ಹೋಗಿತ್ತು. ಇದ್ದದ್ದು ಆ ಕ್ಯಾಸೆಟ್ಟು ಒಂದೇ.

ನಾನು ಕಲಿಸಿದ ಹಾಗೆಯೇ ನೀನು ಎಲ್ಲ ಮಾಡಿದ್ದೆ. ಮೊದಲು ಒಂದು ನಿಮಿಷ ಮುದ್ರಿಸಿ ಕೇಳಿದ್ದೆ. ಮೈಕಿನೊಳಗಿನ ಸೆಲ್ ಉಳಿಯಲೆಂದು ಸ್ವಿಚ್ಚು ತೆಗೆದು, ಟೇಪನ್ನು ಹಿಂದಕ್ಕೆ ಸುತ್ತಿ, ಮತ್ತೆ ಸ್ವಿಚ್ಚು ಹಾಕಿ ಶುರು ಮಾಡಿದ್ದೆ. ಮುಗಿದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ಮುದ್ರಿಸಲು ಬರುವುದಿಲ್ಲ.

ಬರುತ್ತದೆ — ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಬರುತ್ತದೆ. ಇದನ್ನೂ ನಾನೇ ಕಲಿಸಿದ್ದೆ. ಆರೇ ಕ್ಯಾಸೆಟ್ಟು ಇರುವವರು ಇನ್ನೇನು ಮಾಡುತ್ತಾರೆ? ಹಳೆಯದರ ಮೇಲೆ ಅಂಟಿಸುವುದು, ಮತ್ತೆ ಮುದ್ರಿಸುವುದು, ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು, ಅಳಿಸುವುದು. ನೀನು ಕ್ಯಾಸೆಟ್ಟು ತಂದು ಮೇಜಿನ ಮೇಲಿಟ್ಟು ಹೋದ ಆ ಮಧ್ಯಾಹ್ನ, ಮರುದಿನದ ಪಾಠಕ್ಕಾಗಿ ಮಾದರಿ ವಾರ್ತೆಯೊಂದನ್ನು ನನ್ನ ದನಿಯಲ್ಲೇ ಓದಿ ಇಡೋಣವೆಂದು ಮೇಜಿನ ಮೇಲಿದ್ದ ಒಂದು ಕ್ಯಾಸೆಟ್ಟು ಎತ್ತಿಕೊಂಡೆ. ಪೆನ್ಸಿಲ್ ಮಾಸಿತ್ತು ಎಂದು ನನ್ನ ನೆನಪು. ಮಾಸಿರಲಿಲ್ಲವೇನೋ. ನಾನು ಓದಲೇ ಇಲ್ಲವೇನೋ. ಸೆಲ್ಲೋಟೇಪ್ ಅಂಟಿಸಿ ಅರ್ಧ ತಾಸಿನಷ್ಟು ಓದಿದೆ. ಓದಿದ್ದು ಸರಿಹೋಗದೆ ಮತ್ತೆ ಮತ್ತೆ ಓದುತ್ತ ಹೋದೆ, ಟೇಪು ಓಡುತ್ತಲೇ ಇತ್ತು.

ಕೇಳಲು ಹಾಕಿದರೆ ಏನೂ ಇಲ್ಲ. ಬರೀ ಸುಯ್ ಎನ್ನುವ ಸದ್ದು. ಮೈಕಿನ ಸ್ವಿಚ್ಚು ಹಾಕುವುದನ್ನು ಮರೆತಿದ್ದವನು ನಾನು.

ನಾನು ಓದಿದ್ದು ಮುಗಿದ ಜಾಗ ದಾಟಿದ ಮೇಲೆ, ಆ ಖಾಲಿಯ ಕೊನೆಗೆ, ತಟ್ಟನೆ ಮಗ್ಗದ ಸದ್ದು ಕೇಳಿತು. ಲಾಳಿ ಆ ಕಡೆಯಿಂದ ಈ ಕಡೆಗೆ ಹೋದ ಸದ್ದು. ನಿಂತಿತು. ಒಬ್ಬ ಮನುಷ್ಯ ಉಸಿರು ತೆಗೆದುಕೊಂಡು ಮಾತಿಗೆ ಬಾಯಿ ತೆರೆದಂತೆ ಆಯಿತು.

ಇಲ್ಲಿಯವರೆಗಿನದು ಕೈತಪ್ಪು. ಇಲ್ಲಿಂದ ಮುಂದಿನದು ಅಲ್ಲ.

ಆ ಉಳಿದ ಚೂರು ಇದ್ದರೆ ಕ್ಯಾಸೆಟ್ಟನ್ನು ಯಾರೋ ಆಮೇಲೆ ಅಳಿಸಿದ್ದಾರೆ ಎಂದು ನಿನಗೆ ಗೊತ್ತಾಗುತ್ತಿತ್ತು. ಪೂರ್ತಿ ಖಾಲಿಯಿದ್ದರೆ, ನೀನೇ ಸ್ವಿಚ್ಚು ಮರೆತೆ ಎಂದಾಗುತ್ತದೆ. ನಾನು ಇಷ್ಟನ್ನೂ ಯೋಚಿಸಿದೆ. ಎಷ್ಟು ಹೊತ್ತು ಯೋಚಿಸಿದೆ — ತಿಳಿಯದು. ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂಬುದೇ ನನ್ನನ್ನು ಕಾಡುವುದು. ಮೈಕಿನ ಸ್ವಿಚ್ಚು ತೆಗೆದೇ ಇದೆ ಎಂದು ಈ ಸಲ ನೋಡಿಕೊಂಡೆ. ಆ ಚೂರಿನ ಮೇಲೂ ಮೌನವನ್ನು ಮುದ್ರಿಸಿದೆ. ಸೆಲ್ಲೋಟೇಪ್ ಕಿತ್ತೆ. ಅಂಟು ಉಳಿದಿತ್ತು, ಅಂಗಿಯ ತುದಿಯಿಂದ ಉಜ್ಜಿದೆ.

ಮರುದಿನ ತರಗತಿಯಲ್ಲಿ ನಿನ್ನ ಸರದಿ ಬಂತು. ನೀನು ಗುಂಡಿ ಒತ್ತಿದೆ. ಎಲ್ಲರೂ ಕಾದರು. ನೀನು ಮೊದಲು ದನಿ ಹೆಚ್ಚಿಸಿದೆ, ಆಮೇಲೆ ಕ್ಯಾಸೆಟ್ಟು ತಿರುಗಿಸಿದೆ, ಮತ್ತೆ ತಿರುಗಿಸಿದೆ. ನಾನು ಹೇಳಿದೆ: "ನೋಡವಾ ಶಂಕರಿ, ನೀ ಮೈಕಿನ ಸ್ವಿಚ್ಚ ಹಾಕಿದ್ದಿಲ್ಲ."

"ಹಾಕಿದ್ದೆರೀ ಸರ್. ಒಂದ ಮಿನಿಟ ಕೇಳೀನೂ."

"ಕೇಳಿ ಹಿಂದಕ ಸುತ್ತಿದೆಲ್ಲ? ಆಮ್ಯಾಲ ಹಾಕೂದು ಮರತಿ."

ನೀನು ನಿನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡೆ. ಸ್ವಿಚ್ಚು ಒತ್ತಿದ ಬೆರಳು ಅದು. ಅದನ್ನು ಸಾಕ್ಷಿ ಕೇಳುವಂತೆ ನೋಡಿದೆ. ಆಮೇಲೆ ಮೆಲ್ಲಗೆ ಹೇಳಿದೆ: "ಮರತಿದ್ದೆನೋ ಏನೋರೀ ಸರ್."

ಶಂಕರಿ, ದನಿ ಕಳೆದದ್ದಕ್ಕಿಂತ ನನಗೆ ಈ ಮಾತು ಹೆಚ್ಚು ಚುಚ್ಚುತ್ತದೆ. ಸರಿಯಾಗಿದ್ದ ನಿನ್ನ ನೆನಪನ್ನು ನೀನೇ ಅನುಮಾನಿಸುವ ಹಾಗೆ ಮಾಡಿದೆ. ನೆನಪನ್ನು ನಂಬಬೇಡಿ, ಟಿಪ್ಪಣಿ ನಂಬಿ ಎಂದು ಪಾಠ ಮಾಡುತ್ತಿದ್ದವನು ನಾನೇ.

ಇನ್ನೊಮ್ಮೆ ಮುದ್ರಿಸಿಕೊಂಡು ಬಾ ಎಂದು ಕಳಿಸಿದೆ. ನಿಮ್ಮಪ್ಪನ ದನಿ ಒಡೆದಿತ್ತಂತೆ, ನೆಗಡಿ ಎಂದಿದ್ದರಂತೆ, "ಗಂಟಲಾ ಸುದ್ದ ಆಗಲಿ, ಆಮ್ಯಾಲ ನೋಡೂಣು" ಎಂದರಂತೆ. ನಾವೂ ನೆಗಡಿ ಎಂದೇ ತಿಳಿದೆವು. ನೀನು ಟಿಪ್ಪಣಿಯಿಂದ ಪತ್ರಿಕೆಯ ರೂಪ ಬರೆದೆ. ಅದು ಎಷ್ಟು ಚೆನ್ನಾಗಿತ್ತೆಂದರೆ, ಆದದ್ದು ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವರ್ಷ ರೇಡಿಯೋ ಕೆಲಸದ ಸಂದರ್ಶನಕ್ಕೆ ನಿನಗೆ ಕರೆ ಬಂದಾಗ ನೀನು ಹೋಗಲಿಲ್ಲ. "ನನ್ನ ಕೈಗೆ ಮಶೀನ ಒಗ್ಗೂದಿಲ್ರಿ ಸರ್, ಪೆನ್ನ ಸಾಕು." ಆಗಲೂ ನಾನು ನಿಜ ಹೇಳಲಿಲ್ಲ.

ಆಮೇಲೆ ಅಮೀನಗಡ. ಎಷ್ಟು ವರ್ಷದ ನಂತರ — ಎರಡೋ ಮೂರೋ. ಬಸ್ಸು ನಿಂತಿತ್ತು, ನಾನು ಕರದಂಟು ಕೊಳ್ಳಲು ಇಳಿದಿದ್ದೆ. ನೀನು ಎದುರಿನ ಬಸ್ಸಿನಿಂದ ಇಳಿದು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಅಪ್ಪಾರ್ದು ಗಂಟಲ ಆಪರೇಶನ್ ಆತ್ರಿ ಸರ್. ದನಿ ಪೆಟಗಿನ ತಗದಾರ. ಈಗ ಪಾಟಿ ಮ್ಯಾಲ ಬರದು ತೋರಸ್ತಾರು. ನೇಯೂದು ಬಿಟ್ಟಿಲ್ಲ ಮತ್ತ!" ನೀನು ನಕ್ಕೆ. ಆಮೇಲೆ ಕೇಳಿದೆ: "ಸರ್, ಆ ಕ್ಯಾಸೆಟ್ ಇನ್ನೂ ಐತೇನ್ರಿ? ಈಗ ಕಂಪ್ಯೂಟರದಾಗ ಸಣ್ಣ ದನೀನೂ ದೊಡ್ಡದು ಮಾಡ್ತಾರಂತಲ್ರಿ. ಮೈಕ ಬಂದ್ ಇದ್ರೂ ಎಲ್ಲೆರ ಒಂದೀಟು..."

ಬಸ್ಸಿನವನು ಹಾರ್ನ್ ಬಾರಿಸಿದ. ನಾನು ಹೇಳಿದ್ದು ಇಷ್ಟು: "ಏನೂ ಇದ್ದಿಲ್ಲವಾ ಅದರಾಗ. ಮದಲಿಂದಾನೂ ಖಾಲಿನ ಇತ್ತು."

ನೀನು ನನ್ನ ಕೈಯಲ್ಲಿ ಕರದಂಟಿನ ಪೊಟ್ಟಣ ಒಂದನ್ನು ಇಟ್ಟೆ. ಮನಿಗೆ ಒಯ್ಯಿರಿ ಎಂದೆ. ಅದನ್ನು ನಾವು ತಿಂದೆವು.

ಮೊನ್ನೆ ಮೆಹಬೂಬ ಸಿಕ್ಕಿದ್ದ. ನೀನೀಗ ಪತ್ರಿಕೆಯಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುತ್ತೀ ಎಂದ. ಅವರ ಕೈಗೆ ಯಂತ್ರ ಕೊಡುವ ಮೊದಲು ನಿನ್ನ ಕತೆಯನ್ನೇ ಹೇಳುತ್ತೀಯಂತೆ: "ಮದಲ ಸ್ವಿಚ್ಚ ನೋಡ್ರಿ. ನಮ್ಮಪ್ಪನ ದನಿ ನಾ ಹಂಗ ಕಳಕೊಂಡೆ." ಅವನು ಅದನ್ನು ಮೆಚ್ಚಿಕೊಂಡು ಹೇಳಿದ, ಎಷ್ಟು ದೊಡ್ಡ ಮನಸ್ಸು ನೋಡ್ರಿ ಅಕಿದು ಎಂದ. ನನ್ನ ಸುಳ್ಳು ನಿನ್ನ ಬಾಯಲ್ಲಿ ಪಾಠವಾಗಿದೆ. ಆ ಪಾಠವನ್ನು ನಿಲ್ಲಿಸು, ಶಂಕರಿ. ಆ ಹುಡುಗರಿಗೆ ನನ್ನ ಹೆಸರು ಹೇಳು.

ಕ್ಯಾಸೆಟ್ಟು ನನ್ನ ಬಳಿ ಇದೆ. ತೂತಿನ ಸುತ್ತ ಅಂಟು ಈಗ ಕಂದು ಬಣ್ಣಕ್ಕೆ ತಿರುಗಿ ಧೂಳು ಹಿಡಿದಿದೆ. ನನ್ನ ಮಾತಿನಲ್ಲಿ ಬೇರೆಲ್ಲ ತಪ್ಪಿದ್ದರೂ ಅದೊಂದು ಸುಳ್ಳಲ್ಲ. ಈ ಬರಹ ಅಚ್ಚಾಗುವ ಮೊದಲೇ ಇಳಕಲ್ಲಿಗೆ ಬಂದು ಅದನ್ನು ನಿನ್ನ ಕೈಗೆ ಕೊಡುತ್ತೇನೆ, ನಿಮ್ಮಪ್ಪನೆದುರು ಇದನ್ನೆಲ್ಲ ಓದುತ್ತೇನೆ. ಅವರು ಪಾಟಿಯ ಮೇಲೆ ಏನು ಬರೆದರೂ, ಏನೂ ಬರೆಯದಿದ್ದರೂ, ಎದ್ದು ಬರುತ್ತೇನೆ.

ಒಂದನ್ನು ಮಾತ್ರ ನೀನು ಕೇಳುತ್ತೀ, ನನಗೆ ಗೊತ್ತು: ಮಗ್ಗ ನಿಂತ ಮೇಲೆ ಅವರು ಏನು ಹೇಳುವವರಿದ್ದರು, ಸರ್? ನನಗೆ ತಿಳಿಯದು. ಅವರು ಉಸಿರು ತೆಗೆದುಕೊಂಡದ್ದನ್ನಷ್ಟೇ ಕೇಳಿದೆ. ಮಾತು ಬರುವ ಮೊದಲೇ ನಾನು ಟೇಪು ನಿಲ್ಲಿಸಿದೆ.