ಹುರುಳಿಯ ಮುಂದೆ ನಿಂತ ಕಾರು

ಹಿಂದಿನಿಂದ ಯಾರಾದರೂ ಕರೆದರೆ ಕಾಕಾ ಕುತ್ತಿಗೆ ಹೊರಳಿಸುತ್ತಿರಲಿಲ್ಲ, ಇಡೀ ಮೈ ಹೊರಳಿಸುತ್ತಿದ್ದರು. ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ಬಿಳಿ ಪಟ್ಟಿ ಬಿಗಿದ ಕುತ್ತಿಗೆ, ಅದರ ಮೇಲೊಂದು ನಗುಮುಖ. ಬೆಟಗೇರಿಯ ನಮ್ಮ ಓಣಿಯ ಪುಂಡ ಹುಡುಗರು ಅದನ್ನು ನೋಡಲೆಂದೇ ಹಿಂದಿನಿಂದ ಕೂಗುತ್ತಿದ್ದರು. ನಾನು ಬಾಗಿಲಿಗೆ ಬಂದು ಅವರ ಜನ್ಮ ಜಾಲಾಡಿದರೆ ಕಾಕಾ ನನ್ನನ್ನೇ ಸುಮ್ಮನಿರಿಸುತ್ತಿದ್ದರು.

ಅವರು ನನಗೆ ರಕ್ತಸಂಬಂಧಿಯೇನಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೆ. ಆದರೆ ನನ್ನ ತಂದೆ ತೀರಿಕೊಂಡ ಮೇಲೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರ ಎದುರು ಅಪ್ಪನ ಜಾಗದಲ್ಲಿ ಕೂತವರು ಅವರೇ. ಗದಗಿನ ಎಪಿಎಂಸಿಯಲ್ಲಿ ಅವರದು ದಲಾಲಿ ಅಂಗಡಿ. ಸಂಜೆ ಮನೆಗೆ ಬಂದು ಅಂಗಿಯ ಕಿಸೆ ಕೊಡವಿದರೆ ಜೋಳ, ಕಡಲೆ ಉದುರುತ್ತಿದ್ದವು. ಅವನ್ನು ಹೆಕ್ಕಿ ಅಂಗಳದ ಗುಬ್ಬಿಗಳಿಗೆ ಹಾಕುತ್ತಿದ್ದರೇ ಹೊರತು ಕಸಬರಿಗೆಗೆ ಸಿಗಗೊಡುತ್ತಿರಲಿಲ್ಲ. ನಾವು ಯಾರಾದರೂ ಕಾಳು ತುಳಿದರೆ ಮುಗಿಯಿತು, ನಿಂತ ಕಾಲಲ್ಲೇ ಕೈ ಮುಗಿಸುತ್ತಿದ್ದರು. "ಅನ್ನ ಐತಿ ಅದು, ಕಾಲಾಗ ಬರಬಾರದು," ಎನ್ನುವರು. ಈ ವಿಷಯದಲ್ಲಿ ಕಾಕು ಗಂಡನಿಗಿಂತ ಒಂದು ಕೈ ಮೇಲೆ. ಕುರ್ತಕೋಟಿಯ ಒಕ್ಕಲು ಮನೆತನದ ಮಗಳು; ಚಪ್ಪಲಿ ಬಿಟ್ಟೇ ಕಣಕ್ಕೆ ಕಾಲಿಡುವುದನ್ನು ಕಲಿತು ಬೆಳೆದವರು.

ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತು ತಂದ ಹುರುಳಿಯನ್ನು ಹರವಿ ಬಿಟ್ಟರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಹರವಿದವರಿಗೆ ಬೇಕಾದದ್ದೂ ಅದೇ. ಆ ದಿನ ಕಾಕಾ, ಕಾಕು ಕುರ್ತಕೋಟಿಗೆ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು. ತಿರುವು ದಾಟಿದೊಡನೆ ರಸ್ತೆ ತುಂಬ ಹುರುಳಿ. ಲೋಕವೆಲ್ಲ ಗಾಲಿ ಹಾಯಿಸಿಕೊಂಡು ಹೋಗುವಲ್ಲಿ ಕಾಕಾ ಗಕ್ಕನೆ ಬ್ರೇಕ್ ಹಾಕಿದರು. ಬೆನ್ನಿಗೇ ಅಂಟಿಕೊಂಡು ಜೋರಾಗಿ ಬರುತ್ತಿದ್ದ ಮುಂಡರಗಿಯ ಕಾರು ಹಿಂದಿನಿಂದ ಗುದ್ದಿತು. ಕಾಕಾನ ಕುತ್ತಿಗೆ ಹೋಯಿತು. ಕಾಕು ಆ ಹೊತ್ತಿಗೆ ಯಾಕೋ ಬೆಲ್ಟ್ ತೆಗೆದು ಬಗ್ಗಿದ್ದರಂತೆ. ಅವರ ಬೆನ್ನುಮೂಳೆಯೇ ಮುರಿಯಿತು. ಸೊಂಟದ ಕೆಳಗೆ ಜೀವವಿಲ್ಲ.

ಹಿಂದಿನಿಂದ ಗುದ್ದಿದವನದೇ ಪೂರಾ ತಪ್ಪು ಎಂದು ನಾವೆಲ್ಲ ತಿಳಿದಿದ್ದೆವು. ಪರಿಹಾರ ಬಂದರೆ ಹುಬ್ಬಳ್ಳಿಯಲ್ಲಿ ಇನ್ನೊಂದು ಆಪರೇಷನ್ ಮಾಡಿಸಬಹುದು, ಕಾಕು ಗೋಡೆ ಹಿಡಿದಾದರೂ ನಡೆದಾರು ಎಂಬ ಆಸೆ. ಆದರೆ ನಮ್ಮ ವಕೀಲರು ತಲೆ ಕೆರೆದುಕೊಂಡರು. ಸುಮ್ಮಸುಮ್ಮನೆ ನಡುರಸ್ತೆಯಲ್ಲಿ ನಿಂತರೆ ಮುಂದಿನವನಿಗೂ ತಪ್ಪಿನ ಪಾಲು ಹಚ್ಚುತ್ತಾರೆ, ನಾಯಿ ಅಡ್ಡ ಬಂತು ಅಂದುಬಿಡ್ರಿ ಸಾಹುಕಾರ್ರ, ಎಂದರು. ಕಾಕಾ ಹೂಂ ಎಂದರು. ಹಾಗೇ ಹೇಳುತ್ತಾರೆಂದು ನಾನೂ ನಂಬಿದೆ.

ಕಾಕಾ ಸಾಕ್ಷಿಯ ಕಟ್ಟೆ ಹತ್ತಿದ ದಿನ ಹಿಂದಿನ ಬೆಂಚಿನಲ್ಲಿ ನಾನು ಕೂತಿದ್ದೆ. ಯಾಕೆ ನಿಲ್ಲಿಸಿದಿರಿ ಎಂದು ಎದುರಿನ ವಕೀಲರು ಕೇಳಿದರು.

"ಹುರುಳಿ ಇತ್ತರಿ. ಕಾಳಿನ ಮ್ಯಾಲ ಗಾಲಿ ಹಾಯಿಸಾಕ ಮನಸ್ಸು ಬರಲಿಲ್ಲ."

ಯಾರಾದರೂ ನಿಲ್ಲಿಸು ಎಂದರೇ ಎಂದು ಅವರು ಮತ್ತೆ ಕೇಳಿದರು. ಕಾಕಾ ಕುತ್ತಿಗೆಯ ಪಟ್ಟಿ ಸರಿಪಡಿಸಿಕೊಂಡರು.

"ಇಲ್ಲರಿ. ಕಾಲೂ ನಂದು, ಬ್ರೇಕೂ ನಂದು."

ತಪ್ಪು ಅರ್ಧಾ ಅರ್ಧಾ ಎಂದು ತೀರ್ಪಾಯಿತು. ಕಾಕುಗೆ ಸಿಗಬೇಕಾದ ಪರಿಹಾರದಲ್ಲಿ ಅರ್ಧ ಮುಂಡರಗಿಯ ಕಾರಿನ ವಿಮೆಯಿಂದ ಬಂತು. ಕಾಕಾನ ವಿಮೆಯೋ ಹೊರಗಿನವರಿಗೆ ಮಾತ್ರ, ಒಳಗೆ ಕೂತವರಿಗಲ್ಲ. ಹಾಗಾಗಿ ಉಳಿದರ್ಧ ಕಾಕಾನ ತಲೆಗೇ ಬಂತು. ಹೆಂಡತಿಗೆ ಗಂಡ ಪರಿಹಾರ ಕೊಡಬೇಕಂತೆ. ಎಂಥ ನ್ಯಾಯವಪ್ಪಾ ಎಂದು ನಾನು ಕೋರ್ಟಿನ ಅಂಗಳದಲ್ಲೇ ಅತ್ತೆ. ಒಂದು ನಾಯಿಯ ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಬಾಯಿಗೆ ಬಂದಂತೆ ಅಂದೆ. ಕಾಕಾ ಇಡೀ ಮೈ ನನ್ನ ಕಡೆ ತಿರುಗಿಸಿದರು.

"ಸುಳ್ಳು ಹೇಳಿ ತಂದ ಔಷಧ ಆಕಿಗೆ ಹತ್ತೂದಿಲ್ಲ, ಯವ್ವಾ."

ಅಂಗಡಿ ಮಾರಿ ಆಪರೇಷನ್ ಮಾಡಿಸಿದರು. ಕಾಲಿಗೆ ಬಲ ಬರಲಿಲ್ಲ. ಆಮೇಲೆ ಕಾಕಾ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ಕುತ್ತಿಗೆ ಬಗ್ಗದ ಮನುಷ್ಯ ರೊಟ್ಟಿ ತಟ್ಟುವುದನ್ನು ಕಲಿತರು. ಅಂಚೆಲ್ಲ ಒಡೆದ ರೊಟ್ಟಿ. ಇದನ್ನ ತಿನ್ನೂದೋ ತೋರಣ ಅಂತ ಬಾಗಿಲಿಗೆ ಕಟ್ಟೂದೋ ಎಂದು ಕಾಕು ಕಾಡಿಸುವರು. ನಾನು ಕೆಲಸಕ್ಕೆ ಕೈ ಹಾಕಲು ಹೋದರೆ, ಕೋರ್ಟು ಹೇಳೇತಲ್ಲ, ಅರ್ಧ ನಾ ಕೊಡಬೇಕು ಅಂತ, ಎಂದು ಕಾಕಾ ನಗುತ್ತಿದ್ದರು. ದಿನಾ ಬೆಳಿಗ್ಗೆ ಕಾಕುವಿನ ತಲೆ ಬಾಚಿ ಜಡೆ ಹಾಕುವರು. ಕೆಳಗೆ ನೋಡಲು ಬಾರದ್ದರಿಂದ ಜಡೆ ಎಡಕ್ಕೆ ವಾಲುತ್ತಿತ್ತು. ಎಲ್ಲದಕ್ಕೂ ನಗುವ ಕಾಕು, ಆ 'ಅರ್ಧ'ದ ಮಾತು ಬಂದರೆ ಮಾತ್ರ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಗಂಡನ ಮೇಲೆ ಒಳಗೊಳಗೇ ಸಿಟ್ಟಿರಬೇಕು ಎಂದುಕೊಂಡಿದ್ದೆ.

ಹೋದ ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ, ಕಾಕುಗೆ ಜಡೆ ಹಾಕಿ, ಸ್ವಲ್ಪ ಅಡ್ಡಾಗ್ತೀನಿ ಎಂದು ಮಲಗಿದ ಕಾಕಾ ಏಳಲಿಲ್ಲ. ಜನ ಸೇರಿದರು. ಕುತ್ತಿಗೆಯ ಪಟ್ಟಿ ಬಿಚ್ಚಿ ಅವರನ್ನು ಪಡಸಾಲೆಯಲ್ಲಿ ಕೂಡಿಸಿದರು. ಬಂದವರ ಎದುರು ಚಂದ ಕಾಣಲಿ ಎಂದು ನಾನು ಕಾಕುವಿನ ಜಡೆ ಬಿಚ್ಚಿ ಹಾಕಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

"ಇರಲಿ ಬಿಡು," ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಿಲ್ಲಸ್ರಿ, ಕಾಳು, ನಿಲ್ಲಸ್ರಿ ಅಂತ ಒದರಿದಾಕಿ ನಾನು, ಯವ್ವಾ. ಅವರು ಬಾಜೂಕ ತಗೊಂಡು ಹೋಗಾಕ ಹೊಂಟಿದ್ರು. ನಾನಽ ಬೆಲ್ಟ್ ಬಿಚ್ಚಿ, ಬಗ್ಗಿ, ಅವರ ಕೈ ಹಿಡಿದೆ."

ನಾನು ಅವರ ಪಕ್ಕದಲ್ಲೇ ಕೂತೆ.

"ಯಾರ ಮುಂದೂ ಅನಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು. ಹೇಳಿದ್ರ ನಿನಗ ಬರೂ ಪರಿಹಾರನೂ ಬರೂದಿಲ್ಲ, ಮ್ಯಾಲ ಹಾಸಿಗ್ಯಾಗ ಬಿದ್ದು ಅದನ್ನಽ ಎಣಿಸಿಕೋತ ಇರ್ತಿ, ತಪ್ಪು ನನ್ನ ಹಂತೇಕ ಇರಲಿ ಅಂದ್ರು."

ನಾಯಿಯ ಸುಳ್ಳು ಹೇಳಲಾರದ ಮನುಷ್ಯ ಕೋರ್ಟಿನಲ್ಲಿ ಆಡಿದ್ದು, ಯಾರೂ ನಿಲ್ಲಿಸು ಅನ್ನಲಿಲ್ಲ ಎಂಬ ಅದೊಂದೇ ಸುಳ್ಳು. ಅದನ್ನು ಕಿವಿಯಾರೆ ಕೇಳಿಯೂ ನಾನು ಅವರ ಸತ್ಯವನ್ನು ಶಪಿಸಿದ್ದೆ. ಪಡಸಾಲೆಗೆ ಹೋಗಿ ಅವರ ಪಾದ ಹಿಡಿದು ಅತ್ತೆ.

ಈಗ ಕಾಕುವಿನ ತಲೆ ನಾನೇ ಬಾಚುತ್ತೇನೆ, ಶಾಲೆಗೆ ಪಾಠ ಹೇಳಲು ಹೊರಡುವ ಮೊದಲು. ಜಡೆ ನೆಟ್ಟಗೆ ಬಂದರೆ ಅವರು ಬೆನ್ನ ಹಿಂದೆ ಕೈಯಾಡಿಸಿ ನೋಡಿ, ಬಿಚ್ಚಿ ಹಾಕು ಎನ್ನುತ್ತಾರೆ. ಎಡಕ್ಕೆ ವಾಲಿಸಿಯೇ ಹೆಣೆಯುತ್ತೇನೆ.