ಬನ್ನೇರುಘಟ್ಟದ ಗೇಟಿನಲ್ಲಿ ಹನುಮಂತಯ್ಯ

ನಮ್ಮ ಬಸವನಗುಡಿಯ ಅಪಾರ್ಟ್‌ಮೆಂಟಿನವರ ಭಕ್ತಿಗೆ ದೊಡ್ಡ ನಮಸ್ಕಾರ. ಶನಿವಾರ ಆಂಜನೇಯನ ಹೆಸರು ಹೇಳಿ ಟೆರೇಸಿನಲ್ಲಿ ಕೋತಿಗಳಿಗೆ ಬಾಳೆಹಣ್ಣು ಇಡುತ್ತಾರೆ. ಭಾನುವಾರ ಅವೇ ಕೋತಿಗಳು ಅಡುಗೆಮನೆಗೆ ನುಗ್ಗಿದರೆ ವಾಚ್‌ಮನ್ ಹನುಮಂತಯ್ಯನ ಮೇಲೆ ಹರಿಹಾಯುತ್ತಾರೆ. ಸಂಘದ ಕಾರ್ಯದರ್ಶಿಯಾದ ನಾನೂ ಇದರಲ್ಲಿ ಹಿಂದೆ ಬಿದ್ದವನಲ್ಲ.

ಹನುಮಂತಯ್ಯ ನನಗೆ ಎಂದೂ ಹಿಡಿಸಿದವನಲ್ಲ. ತಗ್ಗಿ ಮಾತಾಡುವುದು ಅವನಿಗೆ ಗೊತ್ತಿರಲಿಲ್ಲ. ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಮೂವತ್ತೊಂದು ವರ್ಷ ದಿನಗೂಲಿ ಕಾವಲುಗಾರನಾಗಿದ್ದು, ಪಿಂಚಣಿಯಿಲ್ಲದೆ ಹೊರಬಿದ್ದು, ಹೆಂಡತಿ ಹನುಮಕ್ಕನ ಜೊತೆ ನಮ್ಮ ಮೆಟ್ಟಿಲ ಕೆಳಗಿನ ಕೋಣೆ ಸೇರಿದ್ದ. ಇಬ್ಬರಿಗೂ ಇದ್ದ ಸೂರು ಅದೊಂದೇ. ಆದರೂ ಕಾಡಿನ ಮಾತು ಬಂದರೆ ಜಮೀನ್ದಾರನ ಗತ್ತು. ಬೇಸಿಗೆಯಲ್ಲಿ ಯಾವ ಬಂಡೆಯ ಕುಳಿಯಲ್ಲಿ ನೀರು ಉಳಿಯುತ್ತದೆ, ಮರಿ ಕುಡಿಯುವವರೆಗೆ ತಾಯಾನೆ ಹೇಗೆ ಅಡ್ಡ ನಿಲ್ಲುತ್ತದೆ, ಮರದ ಮೇಲಿನ ಕೋತಿಗಳು ಉದುರಿಸುವ ಹಣ್ಣಿಗೆ ಜಿಂಕೆಗಳು ಹೇಗೆ ಕಾಯುತ್ತವೆ, ಎಲ್ಲವನ್ನೂ ಕೇಳದವರಿಗೂ ಹೇಳುತ್ತಿದ್ದ. ನಮಗೆ ಅದು ಬರೀ ತಲೆನೋವು.

ಕಳೆದ ವರ್ಷ ನಮ್ಮ ಅಧ್ಯಕ್ಷ ವಿಶ್ವಾರಾಧ್ಯರು ಟೆರೇಸಿನಲ್ಲಿ ಬೋನಿಟ್ಟು ಐದು ಕೋತಿಗಳನ್ನು ಹಿಡಿಸಿದರು. ಅರಣ್ಯ ಇಲಾಖೆಯ ಅನುಮತಿ ಗಿನುಮತಿ ಯಾರೂ ಕೇಳಲಿಲ್ಲ.

"ಕಾಡಿಗೆ ಬಿಟ್ರೆ ಪುಣ್ಯ ಬರುತ್ತೆ," ಎಂದರು ಹನುಮಂತಯ್ಯನಿಗೆ. "ಬನ್ನೇರುಘಟ್ಟದ ಗೇಟಲ್ಲಿ ನಿನ್ನ ಎಲ್ರಿಗೂ ಗೊತ್ತು. ಒಳಗಿನ ಹಳ್ಳಿಗೆ ಸಾಮಾನು ಅನ್ನು, ಬಿಡ್ತಾರೆ."

"ಬೇಡಿ ಸಾರ್. ಅಲ್ಲಿನ ಕೋತಿಗಳು ಇವನ್ನ ಸೇರಿಸ್ಕೊಳ್ಳಲ್ಲ, ಕಚ್ಚಿ ಓಡಿಸ್ತವೆ. ಇವು ರೋಡಿಗೆ ಬಂದು ಬಿಸ್ಕತ್ತಿಗೆ ಕೈ ಚಾಚ್ತವೆ, ಗಾಡಿಗೆ ಸಿಕ್ಕಿ ಸಾಯ್ತವೆ. ಇಂಥವನ್ನ ಎಷ್ಟು ಹೂತಿದೀನೋ. ಊರಿನ ಕಾಯಿಲೆ ಕಾಡಿಗೂ ಅಂಟುತ್ತೆ."

"ರೂಮು ಬೇಕೋ ಬೇಡ್ವೋ, ಅಷ್ಟು ಹೇಳು."

ಅವನು ಹನುಮಕ್ಕನ ಕಡೆ ನೋಡಿದ. ಆಮೇಲೆ ಬೋನು ಹೇರಿದ್ದ ವ್ಯಾನು ಹತ್ತಿದ. ಗತ್ತೆಲ್ಲ ಇಷ್ಟೇ ತಾನೆ ಎಂದು ನಾನು ಒಳಗೊಳಗೇ ನಕ್ಕೆ, ವಿಶ್ವಾರಾಧ್ಯರ ಪಕ್ಕ ಕೂತೆ.

ಬೆಳಿಗ್ಗೆ ಏಳಕ್ಕೆ ಗೇಟು ತಲುಪಿದೆವು. ಗಾರ್ಡ್ ಅವನನ್ನು ಕಂಡು ಓಡಿಬಂದ.

"ಏನ್ ಹನುಮಂತಣ್ಣ, ಅಪರೂಪ. ವ್ಯಾನಲ್ಲೇನಿದೆ?"

ಹನುಮಂತಯ್ಯ ಇಳಿದು ಹಿಂದಿನ ಬಾಗಿಲು ತಾನೇ ತೆಗೆದ. ಬೋನಿನ ಮೇಲಿದ್ದ ಟಾರ್ಪಾಲು ಎಳೆದ.

"ಐದು ಕೋತಿ. ಒಳಗೆ ಬಿಡೋಕೆ ತಂದಿದೀವಿ. ಮೊದ್ಲು ನನ್ನ ಹೆಸರು ಬರ್ಕೊಳ್ಳಿ, ಆಮೇಲೆ ಇವರಿಬ್ಬರದ್ದು."

ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಮೂವರ ಮೇಲೂ ಕೇಸಾಯಿತು, ವ್ಯಾನು ಜಪ್ತಿಯಾಯಿತು, ಕೋತಿಗಳನ್ನು ಇಲಾಖೆಯವರು ತೆಗೆದುಕೊಂಡರು. ವಾಪಸ್ಸು ಒಂದೇ ಬಸ್ಸಿನಲ್ಲಿ ಬಂದೆವು. ಪಕ್ಕದಲ್ಲಿ ಸೀಟಿದ್ದರೂ ಅವನನ್ನು ನಾವು ಕೂರು ಎನ್ನಲಿಲ್ಲ.

ಅವನನ್ನು ತೆಗೆದುಹಾಕಲು ಸಂಘ ಒಂದೇ ಸಭೆಯಲ್ಲಿ ತೀರ್ಮಾನಿಸಿತು. ಪತ್ರ ಬರೆಯುವುದು ನನ್ನ ಪಾಲಿಗೆ ಬಂತು. ಸಿಟ್ಟು ಆರಿರಲಿಲ್ಲ, ಚೆನ್ನಾಗಿಯೇ ಬರೆದೆ. ಕೊಡಲು ಹೋದಾಗ ಹನುಮಕ್ಕ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಕನ್ನಡಕ ಗಂಟಿನೊಳಗೆ ಹೋಗ್ಬಿಟ್ಟಿದೆ ಸಾರ್. ನೀವೇ ಓದಿ," ಎಂದ ಹನುಮಂತಯ್ಯ.

ನಿಂತಲ್ಲೇ ಓದಿದೆ. 'ಸದರಿ ಕಾವಲುಗಾರನು ನಂಬಿಕೆಗೆ ಅರ್ಹನಲ್ಲದ ಕಾರಣ' ಎಂಬಲ್ಲಿಗೆ ಬಂದಾಗ ನಾಚಿಕೆಯಾಗಿ ಪತ್ರವನ್ನು ಮಡಚತೊಡಗಿದೆ.

"ಮುಂದಕ್ಕೆ ಓದಿ ಸಾರ್," ಎಂದ.